ಹಿಂದೊಂದು ಜಲಪಾತ ಇರಲಿ

ರಾಯಚೂರು ಸೀಮೆಯ ನಮ್ಮೂರು ಕವಿತಾಳದಲ್ಲಿ ಸತ್ತವರೆಲ್ಲ ಜಲಪಾತದ ಮುಂದೆ ಕೂತಿರುತ್ತಾರೆ. ಯಾರ ಮನೆಗಾದರೂ ಹೋಗಿ, ಪಡಸಾಲೆಯಲ್ಲಿ ನಿಂತು ತಲೆ ಎತ್ತಿ. ಬಾಗಿಲ ಮೇಲಿನ ಗೋಡೆಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿಸಿ ತೂಗುಹಾಕಿದ ಕಟ್ಟಿನೊಳಗೆ ಅಜ್ಜ ಇರುತ್ತಾನೆ. ಅವನ ಬೆನ್ನ ಹಿಂದೆ ನೊರೆನೊರೆಯಾಗಿ ಧುಮುಕುವ ನೀರು, ನೀರಿನಾಚೆ ಹಸಿರು ಹುಲ್ಲುಗಾವಲು, ಅದರಾಚೆ ಹಿಮ ಹೊದ್ದ ಬೆಟ್ಟ, ಮೇಲೆ ಒಂದು ಚೂರೂ ಧೂಳಿಲ್ಲದ ನೀಲಿ ಮುಗಿಲು. ಬದುಕಿದ್ದಷ್ಟು ದಿನ ಎರೆಹೊಲದಲ್ಲಿ ಬಿಳಿಜೋಳ ಬಿತ್ತಿ, ಮಳೆಗಾಗಿ ಮುಗಿಲ ಕಡೆ ಮುಖ ಮಾಡಿ ಕೂತವನು, ದೂರದ ಪ್ರಯಾಣವೆಂದರೆ ಮಂತ್ರಾಲಯ, ಹೆಚ್ಚೆಂದರೆ ಶ್ರೀಶೈಲ ಎಂದುಕೊಂಡವನು, ಸತ್ತ ಮೇಲೆ ನೇರ ಸ್ವಿಟ್ಜರ್ಲೆಂಡಿಗೆ ಹೋಗಿಬಿಟ್ಟಿದ್ದಾನೆ. ವೀಸಾ ಕೊಟ್ಟವನು ಫೋಟೋ ಸ್ಟುಡಿಯೋದ ಹುಡುಗ.

ಮುಖ ಮಾತ್ರ ಅಜ್ಜನದೇ, ಅದು ಬಂದದ್ದು ಮತದಾರರ ಗುರುತಿನ ಚೀಟಿಯಿಂದ. 1993ರಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಭಾವಚಿತ್ರವಿರುವ ಚೀಟಿ ಕಡ್ಡಾಯ ಎಂದು ಹಟ ಹಿಡಿದರು. ಅವರು ತಡೆಯಲು ಹೊರಟದ್ದು ಕಳ್ಳ ಮತವನ್ನು. ಆದರೆ ನಮ್ಮ ಕಡೆಯ ಎಷ್ಟೋ ಮುದುಕ ಮುದುಕಿಯರಿಗೆ ಅದು ಹುಟ್ಟಿದ ಮೇಲೆ ತೆಗೆಸಿಕೊಂಡ ಮೊದಲ ಫೋಟೋ. ಹಲವರಿಗೆ ಅದೇ ಕೊನೆಯದೂ ಆಯಿತು. ಶಾಲೆಯ ಗೋಡೆಗೆ ಬಟ್ಟೆ ಕಟ್ಟಿ, ಸ್ಟೂಲಿನ ಮೇಲೆ ಕೂಡಿಸಿ, ‘ಅಲುಗಾಡಬ್ಯಾಡ ಯಜ್ಜಾ’ ಎಂದು ಗದರಿಸಿ ತೆಗೆದದ್ದು. ಆ ಗದರಿಕೆ ಅಜ್ಜನ ಕಣ್ಣಲ್ಲಿ ಇವತ್ತಿಗೂ ಇದೆ. ಅವನು ತೀರಿಕೊಂಡ ದಿನ ಮಗ ಟ್ರಂಕು ತಡಕಾಡಿ ಆ ಚೀಟಿ ಹುಡುಕುತ್ತಾನೆ, ಸ್ಟುಡಿಯೋಕ್ಕೆ ಓಡುತ್ತಾನೆ. ಅಲ್ಲಿ ಹುಡುಗ ಅಂಚೆಚೀಟಿ ಗಾತ್ರದ ಮುಖವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಕುತ್ತಿಗೆಯ ಕೆಳಗೆ ಬೇರೆ ಯಾರದೋ ಬಿಳಿ ಅಂಗಿ ಜೋಡಿಸಿ, ತಲೆಗೊಂದು ರುಮಾಲು ಸುತ್ತಿ, ಕೊನೆಗೆ ಕೇಳುತ್ತಾನೆ: ‘ಹಿಂದ ಏನ್ ಹಾಕ್ಲಿ?’

‘ಚಂದ ಇರೋದು ಏನರ ಹಾಕು. ನೀರು ಗೀರು ಇರ್ಲಿ.’

ಅಮ್ಮಂದಿರ ಫೋಟೋದಲ್ಲಿ ಕೆಲಸ ಇನ್ನೂ ಸೂಕ್ಷ್ಮ. ಗಂಡ ಮೊದಲೇ ಹೋಗಿರುತ್ತಾನೆ, ಚೀಟಿಯಲ್ಲಿರುವುದು ಬರಿಹಣೆ. ಮಕ್ಕಳು ದನಿ ತಗ್ಗಿಸಿ, ‘ಕುಂಕುಮ ಹಚ್ಚಿಬಿಡ್ರಿ’ ಎನ್ನುತ್ತಾರೆ. ಊರು ಅಳಿಸಿದ್ದನ್ನು ಮೌಸು ಮತ್ತೆ ಇಡುತ್ತದೆ. ಆಮೇಲೆ, ಬದುಕಿದ್ದಾಗ ಒಂದೇ ಫೋಟೋದಲ್ಲಿ ಎಂದೂ ನಿಲ್ಲದ ಗಂಡ ಹೆಂಡತಿಯನ್ನು ಸ್ಟುಡಿಯೋದ ಹುಡುಗ ಅಕ್ಕಪಕ್ಕ ಕೂಡಿಸುತ್ತಾನೆ. ಅವಳಿಗೆ ಇಳಕಲ್ ಸೀರೆ, ಕೊರಳಿಗೆ ಬಂಗಾರ, ಇಬ್ಬರಿಗೂ ಸೇರಿ ಒಂದು ಜಲಪಾತ. ಇದು ಸುಳ್ಳು ಫೋಟೋ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸಿಲ್ಲ. ಮಕ್ಕಳಿಗೆ ಆಗಬೇಕಿದ್ದದ್ದು ಏನು ಎಂಬುದಕ್ಕೆ ಅದಕ್ಕಿಂತ ನಿಜವಾದ ದಾಖಲೆ ಬೇರೆ ಸಿಗುವುದಿಲ್ಲ.

ಆದರೆ ಜಲಪಾತವೇ ಯಾಕೆ? ‘ನಮ್ಮ ಹೊಲ ಹಾಕ್ರಿ, ನಮ್ಮ ಮನಿ ಮುಂದಿನ ಬೇವಿನ ಗಿಡ ಹಾಕ್ರಿ’ ಎಂದು ಕೇಳಿದವರನ್ನು ಸ್ಟುಡಿಯೋದವನೂ ಕಂಡಿಲ್ಲ, ನಾನೂ ಕಂಡಿಲ್ಲ.

ಈ ಪ್ರಶ್ನೆ ಕವಿತಾಳದ್ದು ಮಾತ್ರ ಅಲ್ಲ. ರಷ್ಯಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕೋಮಾರ್ ಮತ್ತು ಮೆಲಮಿಡ್ ಎಂಬ ಇಬ್ಬರು ಚಿತ್ರಕಾರರು 1993ರ ಕೊನೆಯಲ್ಲಿ ಒಂದು ತಮಾಷೆ ಶುರು ಮಾಡಿದರು. ಸೋಪು, ಟೂತ್‌ಪೇಸ್ಟು ಮಾರುವವರು ಮಾಡಿಸುವಂಥ ಸಮೀಕ್ಷೆ ಮಾಡಿಸಿ, ನಿಮಗೆ ಎಂಥ ಚಿತ್ರ ಬೇಕು, ಯಾವ ಬಣ್ಣ ಬೇಕು ಎಂದು ಜನರನ್ನು ಕೇಳಿದರು. ಮೊದಲು ಅಮೆರಿಕ, ಆಮೇಲೆ ಚೀನಾ, ಕೀನ್ಯಾ, ಐಸ್‌ಲ್ಯಾಂಡ್, ಟರ್ಕಿ ಎಂದು ಹಲವು ದೇಶ. ಜನ ಕೇಳಿದ್ದನ್ನೇ ಬಿಡಿಸಿ ತೋರಿಸಿದರು. ಹಾಲೆಂಡಿನಂಥ ಒಂದೆರಡು ಕಡೆ ಬಿಟ್ಟರೆ ಎಲ್ಲೆಲ್ಲೂ ಹೆಚ್ಚುಕಡಿಮೆ ಒಂದೇ ಚಿತ್ರ: ನೀಲಿ ಜಾಸ್ತಿ, ನೀರು, ಬಯಲು, ದೂರಕ್ಕೆ ಗುಡ್ಡ, ಅಲ್ಲೊಂದು ಮರ, ಒಂದೆರಡು ಪ್ರಾಣಿ, ನಾಲ್ಕು ಜನ. ನಮ್ಮ ಸ್ಟುಡಿಯೋದ ಹುಡುಗನನ್ನು ಕೇಳಿದ್ದರೆ ಸಮೀಕ್ಷೆಯ ಖರ್ಚು ಉಳಿಯುತ್ತಿತ್ತು.

ಡೆನಿಸ್ ಡಟನ್ ಎಂಬ ತತ್ವಶಾಸ್ತ್ರಜ್ಞ 2009ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೊಂದು ಕಾರಣ ಕೊಟ್ಟ. ಮನುಷ್ಯ ಮನುಷ್ಯನಾದದ್ದು ಆಫ್ರಿಕದ ಹುಲ್ಲುಬಯಲಿನಲ್ಲಿ. ನೀರು ಹತ್ತಿರ, ನೋಟ ದೂರ, ಹತ್ತಲು ಒಂದು ಮರ ಇದ್ದಲ್ಲಿ ಬದುಕಿದವರ ಮಕ್ಕಳು ನಾವು. ಆ ಜಾಗ ಕಂಡರೆ ಕಣ್ಣಿಗೆ ಹಿತ ಎನಿಸುವುದು ರಕ್ತದಲ್ಲೇ ಬಂದಿದೆ ಎಂದು. ಜಾಲಿಯ ಜಾತಿಯ, ಕೆಳಗಿನಿಂದಲೇ ಕವಲೊಡೆದ ಮರಗಳೇ ಮನುಷ್ಯನಿಗೆ ಚಂದ ಕಾಣುತ್ತವೆ ಎಂದು ಜೀವವಿಜ್ಞಾನಿಗಳೂ ವಾದಿಸಿದ್ದಾರೆ. ಇಲ್ಲಿ ಮಾತ್ರ ನಮ್ಮೂರು ಅವರ ಕೈ ಬಿಡುತ್ತದೆ. ಮಾನ್ವಿಯಿಂದ ಕವಿತಾಳಕ್ಕೆ ಬನ್ನಿ, ದೇವದುರ್ಗದ ಕಡೆ ಹೊರಳಿ, ಎರಡೂ ಬದಿಗೆ ಜಾಲಿಯೇ. ಬಯಲಿದೆ, ದೂರಕ್ಕೆ ಗುಡ್ಡವಿದೆ, ದನವಿದೆ, ಮಳೆಗಾಲದಲ್ಲಿ ಹಳ್ಳವೂ ಇದೆ. ಸಿದ್ಧಾಂತದ ಪ್ರಕಾರ ನಾವು ನಮ್ಮ ಜಾಲಿಗಿಡದ ಮುಂದೆ ನಿಂತು ಹಲ್ಲು ಬಿಟ್ಟು ಫೋಟೋ ತೆಗೆಸಿಕೊಳ್ಳಬೇಕಿತ್ತು. ಒಬ್ಬನೂ ತೆಗೆಸಿಕೊಂಡಿಲ್ಲ. ಜಾಲಿಮುಳ್ಳು ಕಾಲಿಗೆ ಚುಚ್ಚಿದವನ ಸೌಂದರ್ಯಪ್ರಜ್ಞೆ ಬೇರೆ.

ಇನ್ನೊಬ್ಬ ವಿಮರ್ಶಕ ಆರ್ಥರ್ ಡಾಂಟೊ, ಇದು ರಕ್ತವಲ್ಲ, ಕ್ಯಾಲೆಂಡರು ಎಂದ. ಜಗತ್ತಿನ ಎಲ್ಲ ಗೋಡೆಗಳ ಮೇಲೂ ಒಂದೇ ಥರದ ಕ್ಯಾಲೆಂಡರು ನೇತಾಡಿದರೆ ಎಲ್ಲರಿಗೂ ಒಂದೇ ಥರದ ರುಚಿ ಹತ್ತುತ್ತದೆ. ಇದರಲ್ಲಿ ನಮಗೆ ಪರಿಚಯದ ವಾಸನೆ ಇದೆ. ರಸಗೊಬ್ಬರದ ಅಂಗಡಿ, ಬಂಗಾರದ ಅಂಗಡಿಯವರು ವರ್ಷಕ್ಕೊಮ್ಮೆ ಕೊಡುವ ಶಿವಕಾಶಿ ಕ್ಯಾಲೆಂಡರಿನಲ್ಲಿ ಲಕ್ಷ್ಮಿ ನಿಂತಿರುವುದೂ ನೀರಿನ ನಡುವೆಯೇ. ರವಿವರ್ಮ ತನ್ನ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ ಕಾಲದಿಂದ ಆಕೆ ಕೊಳ ಬಿಟ್ಟು ಮೇಲೆ ಬಂದಿಲ್ಲ. ದೇವರ ಚಿತ್ರಗಳ ಕ್ಯಾಲೆಂಡರಿಗೆ ದೇಶದಲ್ಲೆಲ್ಲ ಹೆಸರಾದ ಎಸ್.ಎಂ. ಪಂಡಿತರು ನಮ್ಮ ಕಲಬುರಗಿಯವರೇ. ಬಿಸಿಲಿಗೆ ಹೆಸರಾದ ಊರಿನವರು ದೇವರನ್ನು ಬೆಳದಿಂಗಳು, ಕೊಳ, ಕಮಲಗಳ ನಡುವೆ ಕೂಡಿಸಿದರೆ ಅದಕ್ಕೆ ಆಫ್ರಿಕದವರೆಗೆ ಹೋಗಿ ಕಾರಣ ಹುಡುಕಬೇಕೇ?

ನನ್ನ ಅನುಮಾನ ಇನ್ನೂ ಸರಳ. ಇಲ್ಲಿ ನೀರು ಚಂದವಾಗಿ ಕಾಣುವುದು ಅದು ಇಲ್ಲದ್ದರಿಂದ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗ ಎಂಬ ಮಾತು ಮಾನ್ವಿ, ಸಿರವಾರ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಮೇಲಿನವರು ಭತ್ತಕ್ಕೆ ಹರಿಸಿಕೊಂಡು ಉಳಿದದ್ದು ಕೆಳಗಿನವರಿಗೆ, ಉಳಿಯದಿದ್ದರೆ ರಸ್ತೆತಡೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಮರುದಿನ ಎಲ್ಲರ ಮೊಬೈಲಿಗೂ ಆ ಫೋಟೋ ಬಂತು: ಹಾಲಿನಂಥ ನೀರು ಕಮಾನು ಕಟ್ಟಿ ಧುಮುಕುತ್ತಿದೆ, ಮೇಲೆ ನೀಲಿ ಮುಗಿಲು. ಸ್ಟುಡಿಯೋದ ಪರದೆಗೆ ಹೇಳಿಮಾಡಿಸಿದ ಚಿತ್ರ. ಚಹಾದಂಗಡಿಯಲ್ಲಿ ಒಬ್ಬ ರೈತ ಅದನ್ನು ಬಹಳ ಹೊತ್ತು ನೋಡಿ, ‘ಎಷ್ಟ್ ಚಂದ ಐತಿ ನೋಡ್ರಿ’ ಎಂದ, ಅದೇ ಉಸಿರಿನಲ್ಲಿ ಅವಾಚ್ಯವಾದ ಒಂದು ಮಾತೂ ಆಡಿದ. ಕಣ್ಣಿಗೆ ಅದು ಜಲಪಾತ, ಹೊಟ್ಟೆಗೆ ಅದು ಹೋದ ಬೆಳೆ. ಒಂದು ವಾರದೊಳಗೆ ಆ ಜಾಗಕ್ಕೆ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದಾಗ ಬಂದ ಫೋಟೋದಲ್ಲಿ ಇದ್ದದ್ದು ಬರೀ ಕಬ್ಬಿಣದ ಹಲಗೆಗಳು. ಚಂದವೇನೂ ಇಲ್ಲ. ಆದರೆ ನಮ್ಮ ಕಡೆ ಹೆಚ್ಚು ಜನ ಸ್ಟೇಟಸ್ ಇಟ್ಟುಕೊಂಡದ್ದು ಅದನ್ನು.

ಅಂದಮೇಲೆ ರುಚಿ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ರುಚಿ ಹಿನ್ನೆಲೆಯನ್ನು ಆರಿಸುತ್ತದೆ, ಅಷ್ಟೇ. ಫೋಟೋ ತೆಗೆಯುವುದು ಮುಂದೆ ಇರುವವರಿಗಾಗಿ.

ಪೇಟೆಯ ಕ್ಯಾಮೆರಾ ಕ್ಲಬ್ಬಿನವರು ಇದನ್ನು ಒಪ್ಪುವುದಿಲ್ಲ. ಅವರಿಗೆ ಮಂಜು, ಮುಂಜಾವು, ಒಂಟಿ ಮರ ಸಾಕು. ನಮ್ಮೂರಲ್ಲಿ ಅಂಥದ್ದೊಂದು ಸೂರ್ಯಾಸ್ತವನ್ನು ಹಿರಿಯ ಹೆಂಗಸೊಬ್ಬರಿಗೆ ತೋರಿಸಿದೆ. ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು, ಬೆರಳಿನಿಂದ ಉಜ್ಜಿ, ‘ಇದ್ರಾಗ ಯಾರೂ ಇಲ್ಲಲ್ಲಪ್ಪ’ ಎಂದರು. ಆಮೇಲೆ ಕರುಣೆಯಿಂದ, ‘ಇರ್ಲಿ ತಗಾ, ಬೆಳಕು ಚಂದೈತಿ’ ಎಂದು ವಾಪಸು ಕೊಟ್ಟರು. ನಾನು ಆಕೆಯ ಪಕ್ಷ. ವಿಜ್ಞಾನಿಗಳು ಹುಟ್ಟಿ ಕೆಲವೇ ನಿಮಿಷಗಳಾದ ಕೂಸಿನ ಮುಂದೆ ಮುಖದಂಥ ಗೆರೆಗಳ ಹಲಗೆಯನ್ನೂ ಅದೇ ಗೆರೆಗಳನ್ನು ಕಲಸಿಟ್ಟ ಹಲಗೆಯನ್ನೂ ಸರಿಸಿ ನೋಡಿದ್ದಾರೆ. ಕೂಸು ತಲೆ ಹೊರಳಿಸುವುದು ಹೆಚ್ಚಾಗಿ ಮುಖದ ಹಿಂದೆ. ಹಾಲು ಕುಡಿಯುವ ಮೊದಲೇ ನಾವು ಮುಖ ಹುಡುಕುತ್ತೇವೆ. ಗುಳೆ ಹೋದ ಹುಡುಗರು ಬೆಂಗಳೂರಿನಿಂದ ಕಳಿಸುವ ಫೋಟೋ ನೋಡಿ. ವಿಧಾನಸೌಧದ ಕಾಲುಭಾಗ ಮಾತ್ರ ಕಾಣುತ್ತದೆ, ಉಳಿದ ಮುಕ್ಕಾಲನ್ನು ಹುಡುಗನ ಮುಖ ನುಂಗಿರುತ್ತದೆ. ಅವ್ವನಿಗೆ ಬೇಕಾದದ್ದು ಆ ಮುಕ್ಕಾಲೇ. ಬಡಕಲಾಗಿದ್ದಾನೋ ಇಲ್ಲವೋ ಎಂದು ಆಕೆ ಕೆನ್ನೆಯ ಎಲುಬು ನೋಡುತ್ತಾಳೆ. ಕೆಂಗಲ್ ಹನುಮಂತಯ್ಯನವರ ಕಟ್ಟಡ ನೋಡುವುದಿಲ್ಲ.

ಮುಖದ ಮೇಲೂ ರುಚಿಯ ಕೈವಾಡ ಇದ್ದೇ ಇದೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1878ರಲ್ಲಿ ಕೈದಿಗಳ ಫೋಟೋಗಳನ್ನು ಒಂದರ ಮೇಲೊಂದು ಮೂಡಿಸಿ ‘ಅಪರಾಧಿಯ ಮುಖ’ವನ್ನು ಕಂಡುಹಿಡಿಯಲು ಹೊರಟ. ಮೂಡಿದ್ದು ಪ್ರತಿಯೊಬ್ಬ ಕೈದಿಗಿಂತಲೂ ಚೆಲುವಾದ ಒಂದು ಮುಖ! ಎಲ್ಲರ ಓರೆಕೋರೆಗಳೂ ಪರಸ್ಪರ ಅಳಿಸಿಕೊಂಡಿದ್ದವು. ಈಗ ಮೊಬೈಲಿನ ಫಿಲ್ಟರು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಮಚ್ಚೆ, ಸುಕ್ಕು, ಸಿಡುಬಿನ ಕಲೆ ತೆಗೆದು ಎಲ್ಲರನ್ನೂ ಎಲ್ಲರಂತೆ ಮಾಡುತ್ತದೆ. ಇದು ಮನುಷ್ಯರ ಹಂಚಿಕೆಯ ರುಚಿ ಇರಬಹುದು. ಆದರೆ ‘ಸ್ವಲ್ಪ ಬೆಳ್ಳಗ ಮಾಡ್ರಿ’ ಎಂಬುದು ಹಂಚಿಕೆಯದಲ್ಲ, ಹೇರಿಕೆಯದು. ಕೊಡಾಕ್ ಕಂಪನಿ ದಶಕಗಳ ಕಾಲ ಫಿಲ್ಮಿನ ಬಣ್ಣ ಹೊಂದಿಸುತ್ತಿದ್ದದ್ದು ಒಬ್ಬ ಬಿಳಿ ಹೆಂಗಸಿನ ಫೋಟೋ ಇಟ್ಟುಕೊಂಡು. ರಾಯಚೂರಿನ ಬಿಸಿಲಲ್ಲಿ ಹತ್ತಿ ಬಿಡಿಸಿದವಳ ಮೈಬಣ್ಣಕ್ಕೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ಮದುವೆ ಆಲ್ಬಮ್ಮಿನಲ್ಲಿ ಹಿಟ್ಟು ಬಳಿದಂತೆ ಕಾಣುವ ಮದುಮಗಳಿಗೆ ಹೀಗೊಂದು ದೂರದ ಅಜ್ಜಿ ಇದ್ದಾಳೆ.

ಫೋಟೋ ನಮ್ಮ ಸೀಮೆಗೆ ಬಂದದ್ದು ದೊರೆಗಳ ಹಿಂದೆ. ಆಗ ರಾಯಚೂರು ನಿಜಾಮರ ರಾಜ್ಯ. ಅವರ ಆಸ್ಥಾನದ ಫೋಟೋಗ್ರಾಫರ್ ರಾಜಾ ದೀನದಯಾಳ್ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದು, 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗೆಂದೇ ಬೇರೆ ಜನಾನಾ ಸ್ಟುಡಿಯೋ ಮಾಡಿದ. ಸುತ್ತ ಎತ್ತರದ ಗೋಡೆ, ಕ್ಯಾಮೆರಾ ಹಿಂದೆ ಇಂಗ್ಲಿಷ್ ಹೆಂಗಸು. ಪರಪುರುಷರ ಕಣ್ಣಿಗೆ ಬೀಳದವರೂ ತಮ್ಮ ಮುಖ ಉಳಿಯಬೇಕೆಂದು ಬಯಸಿದರಲ್ಲ, ಅದು ನನಗೆ ಜಲಪಾತಕ್ಕಿಂತ ದೊಡ್ಡ ವಿಷಯವಾಗಿ ಕಾಣುತ್ತದೆ.

ನಮ್ಮಂಥವರವರೆಗೆ ಬರಲು ಅದಕ್ಕೆ ಇನ್ನೂ ಬಹಳ ವರ್ಷ ಹಿಡಿಯಿತು. ಜಾತ್ರೆಯ ಬಟ್ಟೆ ಸ್ಟುಡಿಯೋ, ಹಿಂದೆ ಬಣ್ಣದ ಪರದೆಯಲ್ಲಿ ತಾಜಮಹಲು, ಪಕ್ಕಕ್ಕೆ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹೂವು. ಎಡಗೈ ತೋಳು ಮೇಲಕ್ಕೆ ಸರಿಸಿ ಎಚ್‌ಎಂಟಿ ವಾಚು ಕಾಣುವ ಹಾಗೆ ಕೈ ಇಡಬೇಕು. ವಾಚು ಇಲ್ಲದವರಿಗೆ ಸ್ಟುಡಿಯೋದವನೇ ಒಂದು ಕೊಡುತ್ತಿದ್ದ, ಅದು ನಡೆಯುತ್ತಿರಲಿಲ್ಲ, ನಡೆಯುವ ಅಗತ್ಯವೂ ಇರಲಿಲ್ಲ. ಮೂವರು ಮಂದಿ ನಿಲ್ಲಬಾರದು, ನಡುವಿನವರಿಗೆ ಕೇಡು. ಫೋಟೋ ಹೊಡೆಸಿಕೊಂಡರೆ ಆಯುಷ್ಯ ಕಡಿಮೆ ಎಂಬ ಭಯ ಬೇರೆ. ಆ ಭಯ ಇದ್ದೂ ಹೋಗಿ ನಿಂತರು.

ಹಬ್ಬದ ದಿನ ಗಂಡಸರು ನಿಂತದ್ದು ಎತ್ತುಗಳ ಪಕ್ಕ. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿದು, ಜೂಲು ಹಾಕಿ, ಮೂಗುದಾರ ಬಿಗಿಹಿಡಿದು ನಿಂತ ಫೋಟೋ ಇಲ್ಲದ ಒಕ್ಕಲುಮನೆ ಕಡಿಮೆ. ಇದು ಹಳೆಯ ಚಟ. ಮುದಗಲ್ಲಿನ ಹತ್ತಿರ ಪಿಕ್ಕಳಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಬಿಡಿಸಿಟ್ಟದ್ದರಲ್ಲಿ ದನಗಳದೇ ಸಿಂಹಪಾಲು, ಉದ್ದ ಕೋಡು, ಎದ್ದ ಇಣಿ. ಅಲ್ಲಿ ಅಗೆದು ನೋಡಿದವರು ಪುರಾತತ್ವಜ್ಞ ಆಲ್ಚಿನ್. 1960ರಲ್ಲಿ ಅವರ ವರದಿ ಅಚ್ಚಾಯಿತು. ನಾಲ್ಕು ಸಾವಿರ ವರ್ಷ ಹಿಂದಿನವನಿಗೂ ಚಂದ ಕಂಡದ್ದು ತನ್ನ ಎತ್ತೇ. ಜಲಪಾತ ಅವನ ತಲೆಗೆ ಬಂದ ಹಾಗಿಲ್ಲ. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ. ಷೋರೂಮಿನಿಂದ ಬಂದ ದಿನ ಬಾನೆಟ್ಟಿಗೆ ಹೂಮಾಲೆ, ಪಕ್ಕಕ್ಕೆ ಮನೆಮಂದಿಯೆಲ್ಲ. ಸಾಲದ ಕಂತು ಫೋಟೋದಲ್ಲಿ ಬರುವುದಿಲ್ಲ.

ಚಂದಕ್ಕೂ ಸಂಬಂಧವಿಲ್ಲದ, ಪ್ರೀತಿಗೂ ಸಂಬಂಧವಿಲ್ಲದ ಇನ್ನೊಂದು ಜಾತಿಯ ಫೋಟೋ ಈಗ ಊರಲ್ಲಿ ಎಲ್ಲಕ್ಕಿಂತ ಹೆಚ್ಚು. ಅದು ಸರ್ಕಾರಕ್ಕೆ ತೋರಿಸಲು. ಕಟ್ಟಿದ ಪಾಯಖಾನೆಯ ಮುಂದೆ ನಿಂತ ಯಜಮಾನಿ. ಆಶ್ರಯ ಮನೆಯ ತಳಪಾಯ, ಲಿಂಟಲ್, ಛತ್ತು, ಹಂತಕ್ಕೊಂದು. ಉದ್ಯೋಗ ಖಾತ್ರಿಯಲ್ಲಿ 2023ರ ಜನವರಿಯಿಂದ ಮೊಬೈಲ್ ಹಾಜರಿ ಕಡ್ಡಾಯವಾಯಿತು: ಕೆರೆ ಹೂಳೆತ್ತುವವರೆಲ್ಲ ದಿನಕ್ಕೆ ಎರಡು ಸಲ ಸಾಲಾಗಿ ನಿಂತು ಮುಖ ತೋರಿಸಬೇಕಿತ್ತು, ಇಲ್ಲದಿದ್ದರೆ ಕೂಲಿ ಇರಲಿಲ್ಲ. ನೆಟ್‌ವರ್ಕ್ ಸಿಗದಿದ್ದರೆ ಗುದ್ದಲಿ ಹಿಡಿದ ಕೈ ಕೆಳಗಿಟ್ಟು ಕಾಯಬೇಕಿತ್ತು. ಇದರಲ್ಲೂ ಕಳ್ಳದಾರಿ ಹುಟ್ಟಿತು. ಹಳೆಯ ಫೋಟೋದ ಫೋಟೋ ತೆಗೆದು ಏರಿಸುತ್ತಿದ್ದಾರೆಂದು 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಿತು. ಕೆಲಸ ಮಾಡಿದವಳ ಬೆವರಿಗೆ ಸಾಕ್ಷಿ ಬೇಕು, ಅವಳ ಮಾತು ಸಾಲದು ಎಂದಾದಾಗ ಕ್ಯಾಮೆರಾ ಪೊಲೀಸನಾಗುತ್ತದೆ.

ಕಾಮಗಾರಿಯ ಫೋಟೋ ಹಿಡಿಯುವುದು ಹೊಸ ಪದ್ಧತಿಯೇನಲ್ಲ. ರಾಯಚೂರು ಕೋಟೆಗೆ ಹೋಗಿ ನೋಡಿ. ಒಳಗೋಡೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲು, ಅದರ ಮೇಲೆ 1294ರ ಶಾಸನ. ಕಾಕತೀಯರ ಕಡೆಯ ಗೋರೆ ಗನ್ನಯ್ಯ ರೆಡ್ಡಿಯ ಆಣತಿಯಂತೆ ವಿಠಲನೆಂಬ ದಂಡನಾಯಕ ಕೋಟೆ ಕಟ್ಟಿಸಿದ ವಿಷಯ. ಅದರ ಜೊತೆಗೆ ಗೋಡೆಯಲ್ಲಿ ಒಂದು ಗೀರುಚಿತ್ರ: ಆ ಭಾರಿ ಕಲ್ಲನ್ನೇ ಬಂಡಿಯ ಮೇಲೆ ಹೇರಿ ತರುತ್ತಿದ್ದಾರೆ, ಮುಂದೆ ಕೋಣಗಳ ಉದ್ದ ಸಾಲು, ಅವನ್ನು ಹುರಿದುಂಬಿಸಿ ಹೊಡೆಯುವ ಆಳುಗಳು. ‘ನೋಡಿ, ನಿಜವಾಗಿಯೂ ಎಳೆದು ತಂದೆವು’ ಎಂದು ಕೈ ಮಾಡಿ ತೋರಿಸಿದ ಹಾಗಿದೆ. ಕ್ಯಾಮೆರಾ ಹುಟ್ಟಲು ಇನ್ನೂ ಐನೂರು ವರ್ಷ ಇದ್ದಾಗ ಯಾರೋ ಕಲ್ಲುಕುಟಿಗನಿಗೆ ಫೋಟೋ ಬೇಕೆನಿಸಿದೆ. ಹಿಂದೆ ಜಲಪಾತ ಹಾಕಿಲ್ಲ, ಗುಡ್ಡ ಹಾಕಿಲ್ಲ. ಬಂಡಿ, ಕೋಣ, ಮನುಷ್ಯರು ಇಷ್ಟೇ. ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಕೋಣ ಹೊಡೆದವರದು ಇಲ್ಲ.

ಹುಡುಗರು ಈಗ ಬೇರೆ ಕಾರಣಕ್ಕೂ ಫೋಟೋ ತೆಗೆಯುತ್ತಾರೆ. ಕೃಷ್ಣೆಗೆ ನೀರು ಬಿಟ್ಟರೆಂದರೆ ದೇವದುರ್ಗದ ಹೂವಿನಹೆಡಗಿ ಸೇತುವೆಗೆ ಬೈಕುಗಳ ಸಾಲು. 2019ರ ಪ್ರವಾಹದಲ್ಲಿ ಅದು ಮುಳುಗಿದಾಗ ಪೊಲೀಸರು ಅಡ್ಡಗಟ್ಟಿದರೂ ಸೆಲ್ಫಿ ನಿಲ್ಲಲಿಲ್ಲ. ಅಂತೂ ನಮ್ಮವರಿಗೆ ಸ್ಟುಡಿಯೋದವನ ಕೃಪೆಯಿಲ್ಲದೆ ನಿಜವಾದ ನೀರಿನ ಮುಂದೆ ನಿಲ್ಲುವ ಯೋಗ ಬಂತು. ಅಂಚಿಗೆ ಹೋಗಬೇಡಿ ಎಂದು ಹೇಳುವುದು ಬಿಟ್ಟರೆ ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಆಮೇಲಿನದರ ಬಗ್ಗೆ. ಮೊಬೈಲಿನಲ್ಲಿ ಸಾವಿರಗಟ್ಟಲೆ ಇವೆ, ಗೋಡೆಗೆ ಒಂದು ಬರುವುದಿಲ್ಲ. ಮೊಬೈಲು ಬಾವಿಗೆ ಬಿದ್ದರೆ ಮನೆಮಂದಿಯೆಲ್ಲ ಅದರ ಜೊತೆ ಬಿದ್ದಂತೆಯೇ. ಹಳೆಯ ಟ್ರಂಕುಗಳಲ್ಲಿ ಉಳಿದ ಫೋಟೋಗಳ ಪಾಡು ಇನ್ನೊಂದು ಥರ: ತಾಜಮಹಲಿನ ಮುಂದೆ ವಾಚು ಕಟ್ಟಿ ನಿಂತ ಆ ಹುಡುಗ ಯಾರು, ಪಕ್ಕದ ಹುಡುಗಿ ಅವನ ತಂಗಿಯೋ ಹೆಂಡತಿಯೋ ಎಂದು ಹೇಳುವವರು ಊರಲ್ಲಿ ಉಳಿದಿಲ್ಲ. ಪರದೆಯ ತಾಜಮಹಲನ್ನು ಮಾತ್ರ ಎಲ್ಲರೂ ಗುರುತು ಹಿಡಿಯುತ್ತಾರೆ.

ಆದ್ದರಿಂದ ಒಂದು ಕೆಲಸ ಮಾಡಿ. ಮನೆಯ ಹಿರಿಯರು ಇರುವಾಗಲೇ ಅವರ ಒಂದು ಫೋಟೋ ತೆಗೆದು, ಅಚ್ಚು ಹಾಕಿಸಿ. ಜಲಪಾತ ಬೇಕೆಂದರೆ ಇರಲಿ, ಬೇವಿನ ಗಿಡ ಇದ್ದರೂ ನಡೆಯುತ್ತದೆ. ಹಳೆಯ ಫೋಟೋಗಳನ್ನು ಹಾಸಿಗೆಯ ಮೇಲೆ ಹರವಿ, ಅವರ ಪಕ್ಕ ಕೂತು, ಇವರು ಯಾರು, ಯಾವ ಇಸವಿ, ಯಾವ ಊರು ಎಂದು ಕೇಳಿ ಹಿಂಬದಿಗೆ ಬರೆದಿಡಿ. ಪೆನ್ಸಿಲಿನಿಂದ, ಹಗುರವಾಗಿ ಬರೆಯಿರಿ. ಬಾಲ್‌ಪೆನ್ನು ಒತ್ತಿದರೆ ಆ ಕಡೆ ಮುಖದ ಮೇಲೆ ಗೀರು ಏಳುತ್ತದೆ.